ಸಂತೆಗೊಬ್ಬ ಮುಹ್ತಸಿಬ್ ಬೇಡವೇ?

ಪುಸ್ತಕ ಹಳೆಯದು. ಎರಿಕ್ ರೇಮಂಡ್ ಎಂಬ ಅಮೆರಿಕದ ಪ್ರೋಗ್ರಾಮರ್ 1997ರ ಮೇ ತಿಂಗಳಲ್ಲಿ ಜರ್ಮನಿಯ ಲಿನಕ್ಸ್ ಸಮ್ಮೇಳನವೊಂದರಲ್ಲಿ ಮಂಡಿಸಿದ ಪ್ರಬಂಧ 1999ರಲ್ಲಿ ‘ದಿ ಕೆಥೆಡ್ರಲ್ ಆ್ಯಂಡ್ ದಿ ಬಜಾರ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಮುಕ್ತ ತಂತ್ರಾಂಶದ ಬಗ್ಗೆ ಮಾತನಾಡುವವರು ಓದಿರಲಿ, ಓದದಿರಲಿ, ಅದರಲ್ಲಿನ ಎರಡು ರೂಪಕಗಳನ್ನು ಇಂದಿಗೂ ಬಳಸುತ್ತಿದ್ದಾರೆ. ಒಂದು ಕೆಥೆಡ್ರಲ್. ನಾಲ್ಕು ಜನ ಕುಶಲಿಗಳು ಬಾಗಿಲು ಮುಚ್ಚಿಕೊಂಡು ಕಟ್ಟಿ, ಪೂರ್ತಿಯಾದ ಮೇಲಷ್ಟೇ ಜನರಿಗೆ ತೋರಿಸುವ ಗುಡಿ. ಇನ್ನೊಂದು ಬಜಾರ್. ಯಾರು ಬೇಕಾದರೂ ಬಂದು, ತಮ್ಮ ಸರಕು ಇಟ್ಟು, ಇತರರ ಸರಕು ಮುಟ್ಟಿ ನೋಡಿ, ಗದ್ದಲದ ನಡುವೆಯೇ ಒಂದು ವ್ಯವಸ್ಥೆಯನ್ನು ಹುಟ್ಟಿಸುವ ಸಂತೆ. ಲಿನಕ್ಸ್ ಬೆಳೆದದ್ದು ಸಂತೆಯ ರೀತಿಯಲ್ಲಿ, ಆದುದರಿಂದಲೇ ಅದು ಗೆದ್ದಿತು ಎಂಬುದು ರೇಮಂಡ್‌ರ ವಾದ. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಹೆಚ್ಚು ಕಾಲ ಅಡಗಿ ಕೂರಲಾರದು ಎಂಬ ಅವರ ಸೂತ್ರ, ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್‌ರ ಹೆಸರಿನಲ್ಲಿ ಒಂದು ನಿಯಮವೇ ಆಗಿಬಿಟ್ಟಿತು.

ಈ ಪುಸ್ತಕವನ್ನು ಈಗ ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ನಾವು ಒಂದು ಸಣ್ಣ ಟ್ರಸ್ಟ್‌ನ ಗ್ರಂಥಾಲಯಕ್ಕಾಗಿ ಬಾಡಿಗೆಯ ಸರ್ವರ್ ಒಂದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇವೆ. ಡೆಬಿಯನ್ ಲಿನಕ್ಸ್, ಮೇಲೊಂದು ಪುಸ್ತಕಪಟ್ಟಿಯ ತಂತ್ರಾಂಶ, ಎಲ್ಲವೂ ಮುಕ್ತ, ಎಲ್ಲವೂ ಉಚಿತ. ಸಮಿತಿಯವರಿಗೆ ಇದನ್ನು ಒಪ್ಪಿಸುವಾಗ ನಾವು ಹೇಳಿದ್ದು ರೇಮಂಡ್‌ರ ಮಾತನ್ನೇ: ಮೂಲ ಸಂಕೇತ ಎಲ್ಲರ ಕಣ್ಣ ಮುಂದೆ ಇದೆ, ಜಗತ್ತಿನ ಸಾವಿರಾರು ತಜ್ಞರು ನೋಡುತ್ತಿರುತ್ತಾರೆ, ಹೆದರಬೇಡಿ. ಹೇಳಿದ್ದು ಸುಳ್ಳೆಂದು ಈಗಲೂ ಅನಿಸುವುದಿಲ್ಲ. ಆದರೆ ಅರ್ಧ ಮಾತನ್ನಷ್ಟೇ ಹೇಳಿದ್ದೆವು ಎಂಬ ಅಳುಕು 2024ರ ಮಾರ್ಚ್ ಕೊನೆಯ ವಾರದಿಂದ ನಮ್ಮನ್ನು ಬಿಟ್ಟಿಲ್ಲ.

ಆ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಂಡ್ರೆಸ್ ಫ್ರಾಯಿಂಡ್ ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಕಾರರಲ್ಲೊಬ್ಬರು, ಮೈಕ್ರೋಸಾಫ್ಟ್‌ನ ಉದ್ಯೋಗಿ. ಅವರು ತಮ್ಮ ಕೆಲಸಕ್ಕಾಗಿ ಯಂತ್ರದ ವೇಗವನ್ನು ಸೂಕ್ಷ್ಮವಾಗಿ ಅಳೆಯುತ್ತಿದ್ದರು. ದೂರದಿಂದ ಸರ್ವರ್‌ನೊಳಗೆ ಪ್ರವೇಶಿಸುವ ಬಾಗಿಲಾದ ಎಸ್‌ಎಸ್‌ಎಚ್, ಇರಬೇಕಾದುದಕ್ಕಿಂತ ಹೆಚ್ಚು ಶಕ್ತಿ ತಿನ್ನುತ್ತಿರುವುದು ಅವರ ಗಮನಕ್ಕೆ ಬಂತು. ತಪ್ಪು ಹೆಸರು ಕೊಟ್ಟು ಆ ಕ್ಷಣವೇ ವಿಫಲವಾಗುವ ಪ್ರವೇಶ ಯತ್ನಗಳೂ ವಿಚಿತ್ರವಾಗಿ ಭಾರವಾಗಿದ್ದವು. 0.3 ಸೆಕೆಂಡಿನಲ್ಲಿ ಮುಗಿಯಬೇಕಾದ್ದು 0.8 ಸೆಕೆಂಡು ಹಿಡಿಯುತ್ತಿತ್ತು. ಅರ್ಧ ಸೆಕೆಂಡು! ನಮ್ಮಂಥವರು ಇಂಟರ್‌ನೆಟ್ ನಿಧಾನ ಎಂದು ಬೈದು ಚಹಾ ಕುಡಿಯಲು ಎದ್ದು ಹೋಗುತ್ತಿದ್ದೆವು. ಅವರು ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದರು. ದಾರಿ ಹೋಗಿ ನಿಂತದ್ದು ಎಸ್‌ಎಸ್‌ಎಚ್‌ನಲ್ಲಿ ಅಲ್ಲ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಸಾಧಾರಣ ಉಪಕರಣವೊಂದರಲ್ಲಿ. ಮಾರ್ಚ್ 29ರಂದು ಅವರು ತಾವು ಕಂಡದ್ದನ್ನು ಬಹಿರಂಗಪಡಿಸಿದರು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲೊಂದನ್ನು ಕೂರಿಸಿದ್ದರು. ಒಂದು ನಿರ್ದಿಷ್ಟ ಗುಪ್ತ ಕೀಲಿ ಯಾರ ಬಳಿ ಇದೆಯೋ ಅವರು ಯಾವ ಪಾಸ್‌ವರ್ಡ್ ಇಲ್ಲದೆಯೂ ಸರ್ವರ್‌ನಲ್ಲಿ ತಮಗೆ ಬೇಕಾದ ಆಜ್ಞೆಯನ್ನು ನಡೆಸಬಹುದಿತ್ತು.

ಕಡತ ಕುಗ್ಗಿಸುವ ಉಪಕರಣಕ್ಕೂ ಬಾಗಿಲಿಗೂ ಏನು ಸಂಬಂಧ? ನೇರ ಸಂಬಂಧವೇನಿಲ್ಲ. ಡೆಬಿಯನ್, ಫೆಡೋರಾದಂಥ ವಿತರಣೆಗಳು ಎಸ್‌ಎಸ್‌ಎಚ್‌ಗೆ ಒಂದು ಸಣ್ಣ ತೇಪೆ ಹಾಕಿದ್ದವು. ತಾನು ಸಿದ್ಧನಾಗಿದ್ದೇನೆ ಎಂದು ಅದು ಸಿಸ್ಟಮ್‌ಡಿಗೆ ತಿಳಿಸಲಿ ಎಂಬುದಷ್ಟೇ ಉದ್ದೇಶ. ಆ ತೇಪೆಗಾಗಿ ಸಿಸ್ಟಮ್‌ಡಿಯ ಗ್ರಂಥಾಲಯ ಒಳಗೆ ಬಂತು, ಅದರ ಜೊತೆ ಎಕ್ಸ್‌ಝಡ್‌ನ ಗ್ರಂಥಾಲಯವೂ ಬಂತು. ಮದುವೆ ಮನೆಗೆ ನೆಂಟರ ಜೊತೆ ಬಂದ ನೆಂಟ. ಯಾರೂ ಕರೆದದ್ದಲ್ಲ, ಯಾರೂ ಕೇಳಿದ್ದೂ ಇಲ್ಲ.

ಆ ನೆಂಟನನ್ನು ಸಾಕಿದ್ದು ಯಾರು? ಎಕ್ಸ್‌ಝಡ್ ಅನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. 2021ರ ಕೊನೆಯಲ್ಲಿ ಜಿಯಾ ತಾನ್ ಎಂಬ ಹೆಸರಿನವನೊಬ್ಬ ಸಣ್ಣಪುಟ್ಟ ತಿದ್ದುಪಡಿ ಕಳುಹಿಸಲು ಶುರುಮಾಡಿದ. 2022ರಲ್ಲಿ, ಅದುವರೆಗೆ ಯಾರೂ ಕೇಳಿರದ ಕೆಲವು ಹೆಸರುಗಳು (ಅವುಗಳಲ್ಲೊಂದು ಜಿಗರ್ ಕುಮಾರ್, ನಮ್ಮ ದೇಶದ ಹೆಸರನ್ನೂ ಎರವಲು ಪಡೆದಿದ್ದರು) ಕಾಲಿನ್‌ರನ್ನು ಬಹಿರಂಗವಾಗಿ ಕಾಡತೊಡಗಿದವು. ಕೆಲಸ ನಿಧಾನವಾಗುತ್ತಿದೆ, ನಿನ್ನಿಂದಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡು ಎಂಬ ಧಾಟಿ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ತಮ್ಮ ಮಾನಸಿಕ ಆರೋಗ್ಯವೂ ಚೆನ್ನಾಗಿಲ್ಲ ಎಂದು ಅವರು ಉತ್ತರ ಕೊಟ್ಟರು. ಕೊಡಬೇಕಾಗಿ ಬಂದದ್ದೇ ಅವಮಾನ. ಕೊನೆಗೆ ಜಿಯಾ ತಾನ್ ಸಹ-ನಿರ್ವಾಹಕನಾದ. ತಾಳ್ಮೆಯಿಂದ, ಸೌಜನ್ಯದಿಂದ, ಎರಡು ವರ್ಷಕ್ಕೂ ಮಿಗಿಲಾಗಿ ದುಡಿದು ಸಂಪಾದಿಸಿದ ನಂಬಿಕೆಯನ್ನು ಅವನು 2024ರ ಫೆಬ್ರವರಿಯಲ್ಲಿ ನಗದು ಮಾಡಿಕೊಂಡ. ಆ ಹೆಸರಿನ ಹಿಂದೆ ಇದ್ದುದು ಒಬ್ಬನೋ, ಒಂದು ತಂಡವೋ, ಒಂದು ಸರಕಾರವೋ ಎಂಬುದು ಸಾರ್ವಜನಿಕವಾಗಿ ಸ್ಥಾಪಿತವಾಗಿಲ್ಲ.

ಈಗ ಕಣ್ಣುಗಳ ಪ್ರಶ್ನೆಗೆ ಬರೋಣ. ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ತಿಳಿದಾಗ ನಾವು ನಿಜಕ್ಕೂ ಬೆರಗಾದೆವು. ಎಲ್ಲರೂ ನೋಡಬಹುದಾದ ಮೂಲ ಸಂಕೇತದ ಭಂಡಾರದಲ್ಲಿ ಹಿಂಬಾಗಿಲಿನ ಪೂರ್ಣ ರೂಪ ಇರಲೇ ಇಲ್ಲ. ವಿಷದ ಮುಖ್ಯ ಭಾಗ, ಪರೀಕ್ಷೆಗೆಂದು ಇಟ್ಟ ‘ಕೆಟ್ಟುಹೋದ’ ಮಾದರಿ ಕಡತಗಳ ವೇಷದಲ್ಲಿತ್ತು. ಅವು ಓದಲಾಗದ ಬೈನರಿ ಕಡತಗಳು. ಕೆಟ್ಟ ಕಡತವನ್ನು ತಂತ್ರಾಂಶ ಹೇಗೆ ನಿಭಾಯಿಸುತ್ತದೆ ಎಂದು ನೋಡಲು ಇಟ್ಟದ್ದು ಎಂದರೆ ಯಾರಿಗೂ ಸಂಶಯ ಬರದು. ಅವುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ನಾಲ್ಕು ಸಾಲು ಮಾತ್ರ, ವಿತರಣೆಗೆಂದು ಕಟ್ಟಿಕೊಟ್ಟ ಗಂಟಿನಲ್ಲಿತ್ತು. ಅಂದರೆ ಪ್ರದರ್ಶನಕ್ಕಿಟ್ಟ ಸರಕೇ ಬೇರೆ, ಗ್ರಾಹಕನ ಚೀಲಕ್ಕೆ ತುಂಬಿದ ಸರಕೇ ಬೇರೆ.

ನಮ್ಮ ಓದುಗರಿಗೆ ಇಲ್ಲಿ ಒಂದು ಹದೀಸ್ ನೆನಪಾಗದೆ ಇರದು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಘಟನೆ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಧಾನ್ಯದ ರಾಶಿಯೊಂದನ್ನು ಕಂಡರು. ಮೇಲ್ಗಡೆ ಒಣಗಿತ್ತು. ಅವರು ಕೈಯನ್ನು ರಾಶಿಯ ಒಳಗೆ ತೂರಿಸಿದರು. ಬೆರಳಿಗೆ ತೇವ ತಗಲಿತು. ಮಳೆ ಬಿತ್ತು ಎಂದ ವ್ಯಾಪಾರಿ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಅವರು, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದರು. ಈ ಹದೀಸನ್ನು ನಮ್ಮ ಖುತುಬಾಗಳಲ್ಲಿ ವ್ಯಾಪಾರಿಯ ಪ್ರಾಮಾಣಿಕತೆಯ ಪಾಠವಾಗಿ ಕೇಳಿ ಕೇಳಿ ಅಭ್ಯಾಸವಾಗಿದೆ. ಆದರೆ ಅದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಆ ಕೈ. ಆ ರಾಶಿ ಬಹಿರಂಗ ಸಂತೆಯಲ್ಲೇ ಇತ್ತು. ದಾರಿಹೋಕರೆಲ್ಲರ ಕಣ್ಣು ಅದರ ಮೇಲೆ ಬಿದ್ದೇ ಇತ್ತು. ತೇವ ಗೊತ್ತಾದದ್ದು ಕೈ ಒಳಗೆ ಹೋದಾಗ.

ರೇಮಂಡ್‌ರ ಪುಸ್ತಕದ ಬಗ್ಗೆ ನಮ್ಮ ಮುಖ್ಯ ತಕರಾರು ಇಲ್ಲೇ ಶುರುವಾಗುವುದು. ನೋಡಬಹುದು ಎಂಬುದನ್ನೂ ನೋಡಿದ್ದಾರೆ ಎಂಬುದನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅವರಿಗೆ ನ್ಯಾಯ ಒದಗಿಸಬೇಕೆಂದರೆ, ಅವರ ಕಣ್ಣ ಮುಂದಿದ್ದದ್ದು ತಾನಾಗಿಯೇ ಗದ್ದಲ ಎಬ್ಬಿಸುವ ದೋಷಗಳು: ಕೆಲಸ ಮಾಡದ ಗುಂಡಿ, ಕುಸಿದು ಬೀಳುವ ತಂತ್ರಾಂಶ. ಬಳಕೆದಾರರು ಹೆಚ್ಚಿದ್ದರೆ ಅಂಥದ್ದನ್ನು ಬೇಗ ಯಾರಾದರೂ ಕಂಡು ಹೇಳುತ್ತಾರೆ, ಇನ್ನಾರೋ ಸರಿಪಡಿಸುತ್ತಾರೆ. ಇದು ನಿಜ. ಭದ್ರತೆಯ ದೋಷ ಗದ್ದಲ ಮಾಡುವುದಿಲ್ಲ. ಬೇಕೆಂದೇ ಇಟ್ಟ ಹಿಂಬಾಗಿಲಂತೂ ಉಸಿರು ಬಿಗಿಹಿಡಿದು ಕೂತಿರುತ್ತದೆ.

ಇದೊಂದೇ ನಿದರ್ಶನವಾಗಿದ್ದರೆ ಅಪವಾದವೆನ್ನಬಹುದಿತ್ತು. 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಅನ್ನು ನೆನಪಿಸಿಕೊಳ್ಳಿ. ಬ್ಯಾಂಕು, ಅಂಚೆ, ಸರಕಾರ ಎನ್ನದೆ ಎಲ್ಲರ ಗುಪ್ತ ಸಂವಹನಕ್ಕೆ ಆಧಾರವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಬಂದ ಸಂದೇಶದ ಉದ್ದವನ್ನು ಪರೀಕ್ಷಿಸುವ ಒಂದು ತಪಾಸಣೆ ಬಿಟ್ಟುಹೋಗಿತ್ತು. ಅದರಿಂದಾಗಿ ಹೊರಗಿನವನು ಕೇಳಿದಾಗಲೆಲ್ಲ ಸರ್ವರ್ ತನ್ನ ನೆನಪಿನಿಂದ 64 ಕಿಲೋಬೈಟ್‌ನವರೆಗೆ ಕಿತ್ತು ಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಕೀಲಿಯೇ ಇರಬಹುದು. ಆ ಸಂಕೇತ ಸೇರಿದ್ದು 2011ರ ಡಿಸೆಂಬರ್ 31ರಂದು. ಬಿಡುಗಡೆಯಾದದ್ದು 2012ರ ಮಾರ್ಚ್‌ನಲ್ಲಿ. ಎರಡು ವರ್ಷ ಅದು ಬೀದಿಯಲ್ಲೇ ಬಿದ್ದಿತ್ತು. ಅದಕ್ಕೂ ಮೊದಲು, 2006ರಲ್ಲಿ, ಡೆಬಿಯನ್‌ನವರು ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅನಾವಶ್ಯಕವೆಂದು ತೋರಿದ ಸಾಲೊಂದನ್ನು ಒಳ್ಳೆಯ ಉದ್ದೇಶದಿಂದಲೇ ತೆಗೆದುಹಾಕಿದರು. ಪರಿಣಾಮವಾಗಿ ಒಂದೊಂದು ಬಗೆಯ ಕೀಲಿಯಲ್ಲೂ ಹುಟ್ಟಬಹುದಾದದ್ದು ಕೇವಲ 32,767 ಬೇರೆ ಬೇರೆ ಕೀಲಿ. ಇಡೀ ಜಗತ್ತಿನ ಮನೆಗಳಿಗೆ ಮೂವತ್ತು ಸಾವಿರ ಚಿಲ್ಲರೆ ಬೀಗದ ಕೈ! ಇದು ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ಸಿಕ್ಕ ‘ಶೆಲ್‌ಶಾಕ್’ ದೋಷದ ಬೇರು 1989ರಷ್ಟು ಹಳೆಯದು. ಅಂದರೆ ರೇಮಂಡ್ ತಮ್ಮ ಪ್ರಬಂಧ ಓದುತ್ತಿದ್ದಾಗಲೂ ಆ ದೋಷ ಸಂತೆಯ ನಡುವೆ ಕಾಲು ಚಾಚಿ ಕೂತಿತ್ತು.

ಫಿಕ್ಹ್‌ನಲ್ಲಿ ಫರ್ಝ್ ಕಿಫಾಯ ಎಂಬ ಒಂದು ಪರಿಕಲ್ಪನೆ ಇದೆ. ಮಯ್ಯಿತ್ ನಮಾಝ್ ಅದರ ಸುಪರಿಚಿತ ಉದಾಹರಣೆ. ಊರಿನಲ್ಲಿ ಕೆಲವರು ನಿರ್ವಹಿಸಿದರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ನಿರ್ವಹಿಸದಿದ್ದರೆ ಇಡೀ ಊರು ಪಾಪಕ್ಕೆ ಪಾಲಾಗುತ್ತದೆ. ಮುಕ್ತ ತಂತ್ರಾಂಶದ ಪರಿಶೀಲನೆ ಇಂಥದ್ದೊಂದು ಸಾಮೂಹಿಕ ಹೊಣೆ. ಆದರೆ ಸಣ್ಣ ಊರಿನಲ್ಲಿ ಮಯ್ಯಿತ್ ಎದ್ದಿತೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಲಕ್ಷಾಂತರ ಬಳಕೆದಾರರ ಊರಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬ ಮಾಡಿರುತ್ತಾನೆ ಎಂದು ನಿಶ್ಚಿಂತೆಯಿಂದ ಮಲಗುತ್ತಾನೆ. ಕಣ್ಣುಗಳು ಹೆಚ್ಚಿದಷ್ಟೂ ನೋಡುವ ಹೊಣೆ ತೆಳುವಾಗುತ್ತದೆ. ರೇಮಂಡ್‌ರ ಲೆಕ್ಕ ಇಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ.

ನಮ್ಮ ಪೂರ್ವಿಕರಿಗೆ ಈ ಸಮಸ್ಯೆ ಗೊತ್ತಿತ್ತು. ರೇಮಂಡ್‌ರ ರೂಪಕದ ದೌರ್ಬಲ್ಯವೂ ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಅವರ ಬಜಾರ್ ಪ್ರವಾಸಿಯೊಬ್ಬ ಕಂಡ ಬಜಾರ್. ಬಣ್ಣ, ಗದ್ದಲ, ಚೌಕಾಸಿ ಎಲ್ಲವೂ ಅವರಿಗೆ ಕಾಣುತ್ತದೆ. ತಕ್ಕಡಿಯ ಕೆಳಗಿನ ಮುದ್ರೆ ಕಾಣುವುದಿಲ್ಲ. ದಮಾಸ್ಕಸ್, ಕೈರೋಗಳ ಮಾರುಕಟ್ಟೆ ಎಂದೂ ಕಾವಲುಗಾರನಿಲ್ಲದೆ ನಡೆಯಲಿಲ್ಲ. ಅಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಅಲಾವುದ್ದೀನ್ ಖಲ್ಜಿಯ ದಿಲ್ಲಿಯ ಮಂಡಿಗೂ ಒಬ್ಬ ಶಹನಾ ಇದ್ದ. ಅಷ್ಟು ದೂರ ಯಾಕೆ, ನಮ್ಮ ಊರಿನ ವಾರದ ಸಂತೆಯ ತೂಕದ ಬಟ್ಟಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಸಂತೆ ಸ್ವತಂತ್ರವಾಗಿರುವುದೇ ಆ ಮುದ್ರೆಯ ಬಲದಿಂದ. ಇಲ್ಲದಿದ್ದರೆ ಅಪರಿಚಿತನೊಬ್ಬನಿಂದ ಯಾರೂ ಅಕ್ಕಿ ಕೊಳ್ಳಲಾರರು.

11ನೇ ಶತಮಾನದ ಅಲ್ ಮಾವರ್ದಿ ತಮ್ಮ ‘ಅಲ್ ಅಹ್ಕಾಮುಸ್ಸುಲ್ತಾನಿಯ್ಯ’ದ ಕೊನೆಯಲ್ಲಿ ಹಿಸ್ಬಾದ ಕುರಿತು ಒಂದು ಅಧ್ಯಾಯ ಬರೆದಿದ್ದಾರೆ. ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಕೆಲಸವನ್ನು ಯಾವ ಮುಸ್ಲಿಮನೂ ಸ್ವಇಚ್ಛೆಯಿಂದ ಮಾಡಬಹುದು. ಹಾಗಾದರೆ ಮುಹ್ತಸಿಬ್ ಯಾಕೆ? ಸ್ವಯಂಸೇವಕನಿಗೂ ನೇಮಕಗೊಂಡವನಿಗೂ ಇರುವ ವ್ಯತ್ಯಾಸಗಳನ್ನು ಅವರು ಒಂದೊಂದಾಗಿ ಎಣಿಸುತ್ತಾರೆ. ಇತರರಿಗೆ ಫರ್ಝ್ ಕಿಫಾಯ ಆಗಿರುವುದು ಅವನಿಗೆ ವೈಯಕ್ತಿಕ ಕಡ್ಡಾಯ. ಬೇರೆ ಕೆಲಸವಿದೆ ಎಂದು ಅವನು ನುಣುಚಿಕೊಳ್ಳುವಂತಿಲ್ಲ. ದೂರು ಬಂದರೆ ಉತ್ತರಿಸಲೇಬೇಕು. ಬಹಿರಂಗ ಕೆಡುಕುಗಳನ್ನು ತಾನೇ ಹುಡುಕಿಕೊಂಡು ಹೋಗಬೇಕು. ಅವನಿಗೆ ಬೈತುಲ್ ಮಾಲ್‌ನಿಂದ ವೇತನ ಪಡೆಯುವ ಹಕ್ಕಿದೆ, ಸ್ವಯಂಸೇವಕನಿಗೆ ಇಲ್ಲ. ಲಸ್ಸೆ ಕಾಲಿನ್‌ರ ಪ್ರಕರಣವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಜಗತ್ತು ಅವರಿಂದ ಮುಹ್ತಸಿಬ್‌ನ ಎಲ್ಲ ಕರ್ತವ್ಯಗಳನ್ನೂ ಅಪೇಕ್ಷಿಸಿತು, ತಡವಾದರೆ ಜಾಡಿಸಿತು. ಕೊಡುವಾಗ ಮಾತ್ರ ಅವರು ಸ್ವಯಂಸೇವಕರಾಗಿಬಿಟ್ಟರು.

12ನೇ ಶತಮಾನದ ಅಶ್ಶೈಝರಿ ಮುಹ್ತಸಿಬ್‌ಗಳಿಗಾಗಿಯೇ ಬರೆದ ಕೈಪಿಡಿ ಇನ್ನೂ ರೋಚಕ. ರೊಟ್ಟಿ ಸುಡುವವರು, ಕಟುಕರು, ಔಷಧ ಮಾರುವವರು, ಹೀಗೆ ಒಂದೊಂದು ಕಸುಬಿನಲ್ಲೂ ಯಾವ ಯಾವ ಮೋಸ ನಡೆಯುತ್ತದೆ, ಹೇಗೆ ಹಿಡಿಯಬೇಕು ಎಂದು ವಿವರಿಸುತ್ತದೆ. ಎಲ್ಲ ಕಸುಬಿನ ಒಳಗುಟ್ಟು ಒಬ್ಬನಿಗೇ ತಿಳಿಯದು, ಆದ್ದರಿಂದ ಪ್ರತಿ ಕಸುಬಿನಿಂದಲೂ ನಂಬಿಕಸ್ತನಾದ ಒಬ್ಬ ಅರೀಫ್‌ನನ್ನು, ಅಂದರೆ ಬಲ್ಲವನನ್ನು, ನೇಮಿಸಿಕೊಳ್ಳಬೇಕು ಎಂಬ ಸಲಹೆ ಅದರಲ್ಲಿದೆ. ಸಾವಿರ ಕಣ್ಣಿನ ಬದಲು ಕಸುಬು ಬಲ್ಲ ಒಂದು ಜೋಡಿ ಕಣ್ಣು. ಅರ್ಧ ಸೆಕೆಂಡಿಗೆ ಅರ್ಥವಿದೆ ಎಂದು ಕಂಡ ಆಂಡ್ರೆಸ್ ಫ್ರಾಯಿಂಡ್ ಅಂಥ ಒಬ್ಬ ಅರೀಫ್. ಆದರೆ ಅವರನ್ನು ಅಲ್ಲಿ ಯಾರೂ ನೇಮಿಸಿರಲಿಲ್ಲ. ಅವರು ಬೇರೇನೋ ಅಳೆಯುತ್ತಿದ್ದರು.

ಇದನ್ನೆಲ್ಲ ಓದಿ, ಹಾಗಾದರೆ ಬಾಗಿಲು ಮುಚ್ಚಿದ ಗುಡಿಯೇ ಕ್ಷೇಮ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಪೂರ್ತಿ ತಪ್ಪಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಮುಚ್ಚಿದ ತಂತ್ರಾಂಶದ ಅಧಿಕೃತ ಅಪ್‌ಡೇಟ್‌ನಲ್ಲೇ ವಿಷ ಸೇರಿ ಸುಮಾರು 18,000 ಗ್ರಾಹಕರಿಗೆ ಹೋಗಿತ್ತು. ಅಲ್ಲಿ ದಾರಿಹೋಕ ಫ್ರಾಯಿಂಡ್ ಒಬ್ಬ ರಾಶಿಗೆ ಕೈ ತೂರಿಸುವುದಕ್ಕೇ ಅವಕಾಶವಿಲ್ಲ. ಎಕ್ಸ್‌ಝಡ್‌ನ ಹಿಂಬಾಗಿಲನ್ನು ಅವರು ಬುಡದವರೆಗೆ ಬೆನ್ನಟ್ಟಲು ಸಾಧ್ಯವಾದದ್ದು ಅದು ಮುಕ್ತವಾಗಿದ್ದುದರಿಂದ. ಕನ್ನಡ ವಿಕಿಪೀಡಿಯ ನಡೆಯುತ್ತಿರುವುದು ಮುಕ್ತ ತಂತ್ರಾಂಶದ ಮೇಲೆ. ಪರವಾನಗಿಗೆ ಹಣವಿಲ್ಲದ ನೂರಾರು ಸಣ್ಣ ಶಾಲೆ, ಗ್ರಂಥಾಲಯ, ಪತ್ರಿಕೆಗಳಿಗೆ ಬೇರೆ ದಾರಿಯೂ ಇಲ್ಲ. ಸಂತೆ ಬೇಕು. ನಮ್ಮ ಜಗಳವಿರುವುದು ಸಂತೆ ತನ್ನಿಂದ ತಾನೇ ಶುದ್ಧವಾಗಿರುತ್ತದೆ ಎಂಬ ನಂಬಿಕೆಯ ಜೊತೆ.

ಈ ನಂಬಿಕೆಯ ಇನ್ನೊಂದು ಬಲಿಪಶು ಸರ್ವರ್ ನೋಡಿಕೊಳ್ಳುವವನು. ರೇಮಂಡ್‌ರ ಪುಸ್ತಕದಲ್ಲಿ ಬರೆಯುವವರಿದ್ದಾರೆ, ಬಳಸುವವರಿದ್ದಾರೆ, ಇವರಿಬ್ಬರ ನಡುವೆ ರಾತ್ರಿ ಎದ್ದು ಯಂತ್ರ ನೋಡುವವನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೋಷ ಸರಿಪಡಿಸಿದ ಆವೃತ್ತಿ ಬಿಡುಗಡೆಯಾಗುವಲ್ಲಿಗೆ ಅವರ ಕಥೆ ಮುಗಿಯುತ್ತದೆ. ನಿಜವಾದ ಕಥೆ ಅಲ್ಲಿಂದ ಶುರು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರ ಕಳುವಾದದ್ದು 2017ರಲ್ಲಿ. ಕಳ್ಳರು ಬಳಸಿದ ಅಪಾಚೆ ಸ್ಟ್ರಟ್ಸ್ ದೋಷಕ್ಕೆ ಆ ವರ್ಷದ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಕಳವು ಶುರುವಾದದ್ದು ಮೇ ತಿಂಗಳಲ್ಲಿ. ಮದ್ದು ಉಚಿತವಾಗಿ ಲಭ್ಯವಿತ್ತು. ಹಚ್ಚುವ ಕೈ ಇರಲಿಲ್ಲ.

ನಮ್ಮ ಗ್ರಂಥಾಲಯದ ಯಂತ್ರಕ್ಕೆ ಬಂದರೆ, ಮೊದಲ ಬಾರಿ ಅದರ ಪ್ರವೇಶ ದಾಖಲೆ ತೆರೆದು ನೋಡಿದಾಗ ಗಾಬರಿಯಾಗಿತ್ತು. ರೂಟ್, ಅಡ್ಮಿನ್, ಟೆಸ್ಟ್ ಎಂದು ಒಂದೊಂದೇ ಹೆಸರು ಹಿಡಿದು ಯಾರೋ ಇಡೀ ರಾತ್ರಿ ಬಾಗಿಲು ಬಡಿದಿದ್ದರು. ಗ್ರಂಥಾಲಯದ ಪುಸ್ತಕಪಟ್ಟಿ ಕದ್ದು ಯಾರಿಗೇನು ಲಾಭ? ಲಾಭ ಪಟ್ಟಿಯಲ್ಲಿಲ್ಲ, ಯಂತ್ರದಲ್ಲಿದೆ. ಇನ್ನೊಬ್ಬರ ಮನೆಗೆ ಕಲ್ಲೆಸೆಯಲು ನಮ್ಮ ಅಂಗಳ. ಬಾಗಿಲು ಬಡಿಯುವವು ತಂತಾನೇ ಓಡುವ ಯಂತ್ರಗಳು, ಅವುಗಳಿಗೆ ನಾವು ಸಣ್ಣವರು ಎಂಬ ಕರುಣೆ ಇಲ್ಲ. ಅಂದಿನಿಂದ ಪಾಸ್‌ವರ್ಡ್ ಪ್ರವೇಶವನ್ನೇ ನಿಲ್ಲಿಸಿ ಕೀಲಿಯ ಮೂಲಕ ಮಾತ್ರ ಒಳಬಿಡುವಂತೆ ಮಾಡಿದೆವು, ರೂಟ್‌ಗೆ ನೇರ ಪ್ರವೇಶ ಮುಚ್ಚಿದೆವು, ಬೇಡದ ಬಾಗಿಲುಗಳಿಗೆ ಅಗುಳಿ ಹಾಕಿದೆವು, ಭದ್ರತಾ ಪರಿಹಾರಗಳು ತಾವಾಗಿಯೇ ಸ್ಥಾಪನೆಯಾಗುವಂತೆ ಹೊಂದಿಸಿದೆವು. ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಹೆಚ್ಚು ಕಷ್ಟವಾದದ್ದು ಬ್ಯಾಕಪ್. ಪ್ರತಿ ರಾತ್ರಿ ಪ್ರತಿ ತೆಗೆಯುತ್ತಿದೆ ಎಂದು ಎರಡು ವರ್ಷ ನಂಬಿದ್ದೆವು. ಒಂದು ದಿನ ಅದರಿಂದ ಮರಳಿ ಕಟ್ಟಲು ಹೊರಟಾಗ ಡಿಸ್ಕ್ ತುಂಬಿ, ಏಳು ತಿಂಗಳಿಂದ ಖಾಲಿ ಕಡತಗಳು ಮಾತ್ರ ಬರೆಯಲ್ಪಟ್ಟಿದ್ದವು ಎಂಬುದು ಗೊತ್ತಾಯಿತು. ರಾಶಿಯ ಮೇಲ್ಗಡೆ ಒಣಗಿಯೇ ಇತ್ತು. ಕೈ ತೂರಿಸದಿದ್ದದ್ದು ನಾವೇ.

ರೂಟ್ ಅಧಿಕಾರದ ಬಗ್ಗೆ ಒಂದು ಮಾತು, ವಿಷಯಾಂತರವಾದರೂ. ಸರ್ವರ್ ನೋಡಿಕೊಳ್ಳುವವನಿಗೆ ಎಲ್ಲರ ಕಡತವೂ ಕಾಣುತ್ತದೆ: ಯಾರು ಯಾವ ಪುಸ್ತಕ ಒಯ್ದರು, ಯಾರು ಏನು ಹುಡುಕಿದರು. ಮಾವರ್ದಿ ಮುಹ್ತಸಿಬ್‌ಗೆ ಇಷ್ಟೆಲ್ಲ ಅಧಿಕಾರ ಕೊಟ್ಟೂ, ಬಹಿರಂಗವಾಗದ ಸಂಗತಿಗಳನ್ನು ಬೇಹುಗಾರಿಕೆ ನಡೆಸಿ ಕೆದಕುವಂತಿಲ್ಲ, ಮನೆಗಳ ಪರದೆ ಸರಿಸುವಂತಿಲ್ಲ ಎಂದು ಗೆರೆ ಎಳೆಯುತ್ತಾರೆ. ಭದ್ರತೆಯ ಹೆಸರಿನಲ್ಲಿ ಪ್ರಜೆಗಳ ಫೋನಿಗೆ ಕಿವಿ ಕೊಡಲು ಹಾತೊರೆಯುವ ಇಂದಿನ ಸರಕಾರಗಳಿಗಿಂತ ಆ 11ನೇ ಶತಮಾನದ ಖಾಝಿ ಹೆಚ್ಚು ಆಧುನಿಕವಾಗಿ ಕಾಣುತ್ತಾರೆ. ನಮ್ಮಲ್ಲಿ ಪುಸ್ತಕ ಹಿಂತಿರುಗಿದ ಕೂಡಲೇ ಒಯ್ದವರ ಹೆಸರು ಅಳಿಸಿಹೋಗುವಂತೆ ಮಾಡಿದ್ದೇವೆ.

ಕೊನೆಗೆ ಎಲ್ಲವೂ ಹಣದ ಬಳಿ ಬಂದು ನಿಲ್ಲುತ್ತದೆ. ಹಾರ್ಟ್‌ಬ್ಲೀಡ್ ಬಯಲಾದಾಗ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಅದರ ಮೇಲೆ ಕೋಟ್ಯಂತರ ವ್ಯವಹಾರ ನಡೆಸುತ್ತಿದ್ದ ಕಂಪೆನಿಗಳಿಗೆ ಇದು ಗೊತ್ತೇ ಇರಲಿಲ್ಲ ಎನ್ನುವುದು ನಂಬಲರ್ಹವಲ್ಲ, ಕೇಳುವ ಅಗತ್ಯ ಬಿದ್ದಿರಲಿಲ್ಲ ಅಷ್ಟೆ. ಹೊಗೆ ಎದ್ದ ಮೇಲೆ, ಅದೇ ತಿಂಗಳು, ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪೆನಿಗಳನ್ನು ಸೇರಿಸಿ ನಿಧಿಯೊಂದನ್ನು ಸ್ಥಾಪಿಸಿತು. ಜರ್ಮನಿ 2022ರಲ್ಲಿ ಸರಕಾರದ ಹಣದಿಂದಲೇ ಇಂಥ ತಳಹದಿಯ ತಂತ್ರಾಂಶಗಳನ್ನು ಪೋಷಿಸುವ ಸಂಸ್ಥೆ ತೆರೆಯಿತು. ಭಾರತ ಸರಕಾರ 2015ರಲ್ಲೇ ತನ್ನ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿ ಪ್ರಕಟಿಸಿತು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ದಾಳಿಯಾದರೆ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆ ಇಟ್ಟುಕೊಳ್ಳಬೇಕು ಎನ್ನುತ್ತದೆ. ಬಳಸಿರಿ, ವರದಿ ಮಾಡಿರಿ, ಎರಡೂ ಸರಿ. ನೋಡಿಕೊಳ್ಳುವವರ ಅನ್ನದ ಮಾತು ಎಲ್ಲಿ?

ಅನ್ಯರನ್ನು ಏಕೆ ದೂರಬೇಕು. ವಕ್ಫ್‌ನ ಬಗ್ಗೆ ಹನಫಿ ಫಿಕ್ಹ್‌ನಲ್ಲಿ ಒಂದು ಖಚಿತವಾದ ನಿಯಮವಿದೆ. ವಕ್ಫ್‌ನ ಆದಾಯದಿಂದ ಮೊಟ್ಟಮೊದಲು ಮಾಡಬೇಕಾದ ಖರ್ಚು ಆ ಆಸ್ತಿಯ ದುರಸ್ತಿ. ವಕ್ಫ್ ಮಾಡಿದವನು ಹಾಗೆಂದು ಷರತ್ತು ಬರೆದಿರಲಿ, ಬರೆಯದಿರಲಿ. ಫಲಾನುಭವಿಗಳ ಪಾಲು ಅದರ ನಂತರ. ಕಟ್ಟಡವೇ ಕುಸಿದರೆ ಪಾಲೆಲ್ಲಿಂದ ಎಂಬ ಸರಳ ತರ್ಕ. ಈ ನಿಯಮ ತಿಳಿದ ಸಮುದಾಯದಲ್ಲೇ ಮಿನಾರಕ್ಕೆ ದಾನಿಗಳು ಸಾಲುಗಟ್ಟುತ್ತಾರೆ, ಹೌಝ್‌ನ ಸೋರುವ ನಲ್ಲಿಗೆ ಸಿಗುವುದಿಲ್ಲ. ನಮ್ಮ ಟ್ರಸ್ಟ್‌ಗೂ ದಾನಿಯೊಬ್ಬರು ನಾಲ್ಕು ಕಂಪ್ಯೂಟರ್ ಕೊಟ್ಟರು, ಹೆಸರಿನ ಫಲಕವೂ ಬಂತು. ತಿಂಗಳಿಗೆ ನಾಲ್ಕು ಗಂಟೆ ಸರ್ವರ್ ನೋಡಿಕೊಳ್ಳುವ ಹುಡುಗನೊಬ್ಬನಿಗೆ ಸಂಭಾವನೆ ಕೊಡೋಣ ಎಂದು ನಾವು ಕೇಳಿದಾಗ, ತಂತ್ರಾಂಶ ಉಚಿತವೆಂದು ನೀವೇ ಹೇಳಿದ್ದಿರಲ್ಲ ಎಂಬ ಉತ್ತರ ಬಂತು. ಉತ್ತರ ನ್ಯಾಯವಾದದ್ದೇ. ರೇಮಂಡ್‌ರನ್ನು ಅವರಿಗೆ ಪರಿಚಯಿಸಿದವರು ನಾವಲ್ಲವೇ. ಮೂರನೆಯ ಸಭೆಯಲ್ಲಿ ವಕ್ಫ್‌ನ ದುರಸ್ತಿಯ ನಿಯಮ ಹೇಳಿದ ಮೇಲೆ, ಸಮಿತಿಯ ಹಿರಿಯರೊಬ್ಬರು, ಇದನ್ನು ಮೊದಲೇ ಹೀಗೆ ಹೇಳಬಾರದಿತ್ತೇ ಎಂದರು. ಈಗ ಬಜೆಟ್‌ನಲ್ಲಿ ಒಂದು ಸಾಲು ಇದೆ. ಸಣ್ಣ ಸಾಲು.

ಎಕ್ಸ್‌ಝಡ್ ಸುದ್ದಿ ಬಂದ ಮರುದಿನ ಬೆಳಿಗ್ಗೆ ನಾವು ಮೊದಲು ಮಾಡಿದ ಕೆಲಸ ನಮ್ಮ ಯಂತ್ರಕ್ಕೆ ಹೋಗಿ ಆವೃತ್ತಿ ಕೇಳಿದ್ದು. 5.4.1 ಎಂದಿತು. ಡೆಬಿಯನ್‌ನ ಸ್ಥಿರ ಆವೃತ್ತಿ ಹೊಸತನ್ನು ಅವಸರದಿಂದ ಒಳಬಿಡುವುದಿಲ್ಲ. ಭದ್ರತೆಯ ಪರಿಹಾರಗಳನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ವರ್ಷಗಟ್ಟಲೆ ಕಾಯಿಸುತ್ತದೆ. ವಿಷ ತಲುಪಿದ್ದು ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳವರೆಗೆ ಮತ್ತು ಸದಾ ಹೊಸತರ ಹಿಂದೆ ಓಡುವ ಕೆಲವು ವಿತರಣೆಗಳಿಗೆ ಮಾತ್ರ. ಇನ್ನು ಕೆಲವು ತಿಂಗಳು ಯಾರೂ ಗಮನಿಸದಿದ್ದರೆ ಎಲ್ಲೆಲ್ಲಿ ಮುಟ್ಟುತ್ತಿತ್ತೋ. ಅತ್ತ ಫಿನ್ಲೆಂಡಿನಲ್ಲಿ ಲಸ್ಸೆ ಕಾಲಿನ್ ತಮ್ಮ ಯೋಜನೆಗೆ ಮರಳಿದರು. ಆ ‘ಸಹಾಯಕ’ ಬಿಟ್ಟುಹೋದದ್ದನ್ನೆಲ್ಲ ಜಾಲಾಡಿ, ಹಿಂಬಾಗಿಲನ್ನು ಕಿತ್ತು, ಮೇ 29ರಂದು 5.6.2 ಆವೃತ್ತಿಯನ್ನು ಬಿಡುಗಡೆ ಮಾಡಿದರು.